ದೂರು ಕೊಡುವುದೋ, ವಿಷಯ ಮುಟ್ಟಿಸುವುದೋ?

ಎಲ್ಲರಿಗೂ ನಮಸ್ಕಾರ. ಮಂಡ್ಯದ ನರ್ಸ್‌ಗಳ ತರಬೇತಿಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮನೆಯವರಿಂದ ಹಿಂಸೆ ಅನುಭವಿಸಿದ ವಯಸ್ಸಾದವರು ವಾರ್ಡಿಗೆ ಬಂದರೆ ನರ್ಸ್ ಅದನ್ನು ಹೇಳಲೇಬೇಕು ಎಂಬ ನಿಯಮ ಸರಿಯೇ ಎಂಬುದು ಒಂದು ಅಧ್ಯಾಯ. ಆ "ಹೇಳುವುದು" ಎನ್ನುವ ಕಡೆ ಯಾವ ಪದ ಹಾಕಲಿ?

"ದೂರು ಕೊಡುವುದು" ಎಂದರೆ ಸಿಸ್ಟರ್‌ಗಳು ಹಿಂಜರಿಯುತ್ತಾರೆ. ಅದು ನ್ಯಾಯವೇ. ದೂರು ಅಂದಮೇಲೆ ಅದು ಯಾರದೋ ಮೇಲೆ ಇರಬೇಕು. ನರ್ಸ್ ಕಂಡಿರುವುದು ಬೆನ್ನಿನ ಹುಣ್ಣು, ತೋಳಿನ ಕಂದು ಕಲೆ, ಅಷ್ಟೇ. ಲಕ್ವ ಹೊಡೆದು ಮಲಗಿದವರಿಗೆ ಎಷ್ಟು ಚೆನ್ನಾಗಿ ನೋಡಿಕೊಂಡರೂ ಹುಣ್ಣಾಗಬಹುದು. "ವರದಿ" ಪತ್ರಿಕೆಯವರ ಮಾತು. ವಾರ್ಡಿನಲ್ಲಿ "ಎಂಎಲ್‌ಸಿ ಮಾಡೋದು" (ಮೆಡಿಕೋ-ಲೀಗಲ್ ಕೇಸ್, ಅಂದರೆ ಕಾನೂನಿಗೆ ಸಂಬಂಧಪಟ್ಟ ಪ್ರಕರಣ ಅಂತ ದಾಖಲಿಸುವುದು) ಅಂತಾರೆ, ಆದರೆ ಅದು ಡಾಕ್ಟರ್ ಕೆಲಸ, ಪೊಲೀಸರ ತನಕ ಹೋಗುವಂಥದ್ದು.

2012ರ ಪೋಕ್ಸೊ ಕಾಯ್ದೆಯಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧ ಗೊತ್ತಾದವರು ತಿಳಿಸಲೇಬೇಕು, ಇಲ್ಲದಿದ್ದರೆ ಶಿಕ್ಷೆ. ಪೋಷಕರು ಮತ್ತು ಹಿರಿಯ ನಾಗರಿಕರಿಗಾಗಿ ಬಂದ 2007ರ ಕಾಯ್ದೆ ನರ್ಸ್ ಮೇಲೆ ಅಂಥ ಹೊಣೆ ಹೊರಿಸಿಲ್ಲ. ಅಲ್ಲಿ ಜೀವನಾಂಶಕ್ಕೆ ಹಿರಿಯರೇ ಅರ್ಜಿ ಹಾಕಬೇಕು, ಕೈಲಾಗದಿದ್ದರೆ ಅವರು ಒಪ್ಪಿದ ಬೇರೆಯವರು. ನನಗೆ ಈ ವ್ಯತ್ಯಾಸ ಸರಿ ಅನ್ನಿಸುತ್ತದೆ. ಬುದ್ಧಿ ನೆಟ್ಟಗಿರುವ ಅಜ್ಜಿ "ಬ್ಯಾಡ ಕಣವ್ವ, ನಾಳೆ ಅದೇ ಮನೆಗೆ ಹೋಗ್ಬೇಕು" ಅಂದರೆ ಆ ಮಾತಿಗೆ ಬೆಲೆ ಇರಬೇಕು, ಅಲ್ವಾ? ಕೇಳದೆ ಪೊಲೀಸರನ್ನು ಕರೆದರೆ ಅವರು ಇನ್ನೊಮ್ಮೆ ಆಸ್ಪತ್ರೆಗೇ ಬರದೆ ಹೋಗಬಹುದು. ಆದರೆ ಮರೆವಿನ ಕಾಯಿಲೆಯವರು? ಮಗ ಪಕ್ಕದಲ್ಲೇ ನಿಂತಿರುವುದರಿಂದ ಬಾಯಿ ಬಿಡಲಾಗದವರು? ಅಲ್ಲಿ ನರ್ಸ್ ಸುಮ್ನೆ ಇರುವುದು ತಪ್ಪು.

ಹಾಗಾಗಿ ನನಗೆ ಎರಡು ಬೇರೆ ಪದ ಬೇಕು. ಪೊಲೀಸರಿಗೋ ಉಪವಿಭಾಗಾಧಿಕಾರಿಗೋ ಹೋಗುವುದು ದೂರು, ಅರ್ಜಿ. ಅದಕ್ಕೆ ಹಿರಿಯರ ಒಪ್ಪಿಗೆ ಕೇಳಬೇಕು. ಕಂಡದ್ದನ್ನು ಕಂಡ ಹಾಗೆ ಬರೆದು ಡಾಕ್ಟರಿಗೆ ಹೇಳುವುದು ಬೇರೆ. ಇದು ಕಡ್ಡಾಯ ಇರಲಿ. "ತಿಳಿಸುವುದು" ಇದಕ್ಕೆ ಮೆತ್ತಗಾಯಿತು. ಫೋನಿನಲ್ಲಿ ಒಂದು ಮಾತು ಅಂದರೂ ತಿಳಿಸಿದ ಹಾಗೇ. "ವಿಷಯ ಮುಟ್ಟಿಸುವುದು" ನನಗೆ ಇಷ್ಟ. ತಲುಪಬೇಕಾದವರಿಗೆ ತಲುಪುವ ತನಕ ಆ ಕೆಲಸ ಮುಗಿಯುವುದಿಲ್ಲ. ಒಂದೇ ಅಳುಕು: ನಮ್ಮ ಹಳ್ಳಿಗಳ ಕಡೆ "ಸುದ್ದಿ ಮುಟ್ಟಿಸು" ಅಂದರೆ ಸಾವಿನ ಸುದ್ದಿ ಅಂತ ಮನಸ್ಸಿಗೆ ಬರುತ್ತದೆ. "ವಿಷಯ" ಅಂತ ಸೇರಿಸಿದರೆ ಆ ನೆರಳು ಹೋಗುತ್ತದೆಯೇ? ಮದ್ದೂರು, ಮಳವಳ್ಳಿ, ನಾಗಮಂಗಲದ ಕಡೆಯವರು ದಯವಿಟ್ಟು ಹೇಳಿ.