ಕ್ಯಾರವಾನ್‌ಗೆ ರೋಲ್-ಔಟ್ ಅವ್ನಿಂಗ್ ತಗೊಳ್ಳಬಹುದಾ? ಬಳಸಿದವರ ಅನುಭವ

ಕೇಳಿದ್ದು, ಇಂಗ್ಲೆಂಡಿನ ರೆಡಿಂಗ್‌ನಿಂದ

ಎಲ್ಲರಿಗೂ ನಮಸ್ಕಾರ. ಕಾರಿನ ಹಿಂದೆ ಎಳೆದುಕೊಂಡು ಹೋಗುವ, ನಾಲ್ಕು ಬರ್ತಿನ ಸೆಕೆಂಡ್ ಹ್ಯಾಂಡ್ ಟೂರಿಂಗ್ ಕ್ಯಾರವಾನ್ ತಗೊಂಡಿದ್ದೇವೆ. ಜೊತೆಗೆ ಬಂದ ದೊಡ್ಡ ಅವ್ನಿಂಗ್ (ಬಾಗಿಲ ಹೊರಗೆ ಕಟ್ಟುವ ಬಟ್ಟೆಯ ಚಪ್ಪರ) ಇದೆಯಲ್ಲ, ಅದರ ಕಂಬ, ಹಗ್ಗ, ಗೂಟ ಎಲ್ಲ ಜೋಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಶನಿವಾರ ಹೋಗಿ ಭಾನುವಾರ ಬರುವುದಕ್ಕೆ ಅಷ್ಟು ಪಾಡು ಯಾಕೆ ಅನ್ನಿಸಿದೆ. ಕ್ಯಾರವಾನ್‌ನ ಮೈಗೇ ಸುರುಳಿಯಾಗಿ ಅಂಟಿಕೊಂಡಿರುವ ರೋಲ್-ಔಟ್ ಅವ್ನಿಂಗ್ ಹೇಗೆ? ಇಲ್ಲಿನ ಗಾಳಿ ಮಳೆಗೆ ತಡೆಯುತ್ತಾ? ಜುಲೈನಲ್ಲಿ ಊರಿಂದ ಅಪ್ಪ ಅಮ್ಮ ಬರುತ್ತಾರೆ. ಅವರಿಗೆ ಹೊರಗೆ ಕೂರಲು ನೆರಳು ಬೇಕು.

ಯಾರ್ಕ್‌ಶೈರ್‌ನಿಂದ

ಖಂಡಿತ ತಗೊಳ್ಳಿ ಮೇಡಂ. ಆದರೆ ಬಿಸಿಲಿಗೆ, ತುಂತುರು ಮಳೆಗೆ ಅಂತ ತಗೊಳ್ಳಿ. ಗಾಳಿ ಎದ್ದರೆ ಇದನ್ನು ಸುತ್ತಿಡಬೇಕು. ಅಷ್ಟಕ್ಕೆ ತಯಾರಿದ್ದರೆ ಇದರಷ್ಟು ಸುಖ ಬೇರೆ ಇಲ್ಲ.

ಮೊದಲು ಅಳತೆಯ ವಿಷಯ, ಯಾಕೆಂದರೆ ಹಣ ಹಾಳಾಗುವುದು ಇಲ್ಲೇ. ನಿಮ್ಮ ಹಳೆಯ ಅವ್ನಿಂಗ್ ಮೇಲೆ 950, 1000 ಅಂತ ಏನೋ ಸೆಂಟಿಮೀಟರ್ ಲೆಕ್ಕ ಬರೆದಿರುತ್ತದೆ. ಅದು ಒಂದು ಕಡೆಯ ನೆಲದಿಂದ ಛಾವಣಿ ಅಂಚಿನ ಹಳಿಗುಂಟ ಮೇಲೆ ಹತ್ತಿ, ಇನ್ನೊಂದು ಕಡೆಯ ನೆಲಕ್ಕೆ ಇಳಿಯುವ ಪೂರ್ತಿ ಸುತ್ತಳತೆ. ರೋಲ್-ಔಟ್‌ಗೆ ಆ ಲೆಕ್ಕ ಬೇಡ. ಬಾಗಿಲಿನ ಕಡೆ ಛಾವಣಿಯ ಅಂಚಿನಲ್ಲಿ ಓಡುವ ಅಲ್ಯೂಮಿನಿಯಂ ಹಳಿ ಎಲ್ಲಿಂದ ಎಲ್ಲಿಯವರೆಗೆ ನೇರವಾಗಿದೆ ಅಂತ ಟೇಪ್ ಹಿಡಿದು ನೋಡಿ. ಮುಂದೆ ಹಿಂದೆ ಹಳಿ ಬಾಗುತ್ತದೆ. ಬಾಗಿದ ಜಾಗದಲ್ಲಿ ಸುರುಳಿ ಕೂರುವುದಿಲ್ಲ. ನೇರ ಭಾಗ 3 ಮೀಟರ್ ಇದ್ದರೆ ಅದಕ್ಕಿಂತ ಚಿಕ್ಕದನ್ನೇ ಆರಿಸಿ. ಅಂಗಡಿಯವರು "ನಡೆಯುತ್ತೆ ಬಿಡಿ" ಅಂದರೂ ಒಪ್ಪಬೇಡಿ.

ಚೀಲದ ಮಾದರಿಯವು, ಅಂದರೆ ಸುರುಳಿ ಉದ್ದನೆಯ ಚೀಲದೊಳಗೆ ಇರುವಂಥವು, ಕ್ಯಾರವಾನ್‌ಗೆ ಸರಿ. ಫಿಯಾಮಾ ಕಂಪನಿಯ ಕ್ಯಾರವಾನ್‌ಸ್ಟೋರ್, ಥೂಲೆ ಕಂಪನಿಯ ಓಮ್ನಿಸ್ಟೋರ್ 1200 ಈ ತರಹದವು. ಹಳಿಯೊಳಗೆ ಜಾರಿಸಿ ಹಾಕುವುದು, ಗೋಡೆಗೆ ತೂತು ಕೊರೆಯಬೇಕಿಲ್ಲ. ಹಾಕುವ ಮುನ್ನ ಹಳಿಯ ಸಂದಿಯ ಪಾಚಿ, ಮಣ್ಣು ಒರೆಸಿ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಏಣಿ ಮೇಲೆ ಒಬ್ಬರು, ಚೀಲ ಎತ್ತಿ ಹಿಡಿಯಲು ಇನ್ನೊಬ್ಬರು ಬೇಕೇ ಬೇಕು.

ತೂಕ ಮರೆಯಬೇಡಿ. ಇದು ಪ್ರಯಾಣದಲ್ಲೂ ಗಾಡಿಯ ಮೇಲೇ ಇರುವುದರಿಂದ ಪೇಲೋಡ್‌ನಿಂದ (ಗಾಡಿಯಲ್ಲಿ ಹೇರಬಹುದಾದ ಸಾಮಾನಿನ ತೂಕ) ಕಳೆಯಬೇಕು. ಅಳತೆಗೆ ತಕ್ಕಂತೆ 10ರಿಂದ 20 ಕೆಜಿ. ಕೇಳಲು ಕಮ್ಮಿ. ಆದರೆ ಬ್ಯಾಟರಿ 20 ಕೆಜಿ ದಾಟುತ್ತದೆ, ಕಾರಿಲ್ಲದೆ ಗಾಡಿಯನ್ನು ಸರಿಸುವ ಮೋಟಾರ್ ಮೂವರ್ ಇದ್ದರೆ ಇನ್ನೊಂದು 30 ಕೆಜಿ. ಸಣ್ಣ ಗಾಡಿಗಳಲ್ಲಿ ಪೇಲೋಡ್ ಇರುವುದೇ 150 ಕೆಜಿ ಆಸುಪಾಸು. ಬಾಗಿಲ ಹತ್ತಿರದ ಪ್ಲೇಟ್‌ನಲ್ಲಿ ಗರಿಷ್ಠ ತೂಕ ಇರುತ್ತದೆ, ನೋಡಿ ಲೆಕ್ಕ ಹಾಕಿ. ಹಳೆಯ ದೊಡ್ಡ ಅವ್ನಿಂಗ್ ಮನೆಯಲ್ಲೇ ಬಿಟ್ಟರೆ ಲೆಕ್ಕ ಸರಿಹೋಗುತ್ತದೆ.

ಹೋದಲ್ಲಿ ಬಿಡಿಸುವ ಕ್ರಮ ಸುಲಭ. ಜಿಪ್ ತೆಗೆದು, ಪಟ್ಟಿ ಬಿಚ್ಚಿ, ಸುರುಳಿಯನ್ನು ಸ್ವಲ್ಪ ಬಿಡಿಸಿ. ಮುಂದಿನ ಕೊಳವೆಯೊಳಗೆ ಮಡಚಿಟ್ಟ ಕಾಲುಗಳನ್ನು ಇಳಿಸಿ ನೆಲಕ್ಕೆ ಊರಿ. ಆಮೇಲೆ ಪೂರ್ತಿ ಬಿಡಿಸಿಕೊಂಡು ಹೋಗಿ. ಎರಡೂ ಪಕ್ಕದ ತೋಳುಗಳನ್ನು (ಬಟ್ಟೆ ಬಿಗಿಹಿಡಿಯುವ ಅಡ್ಡ ಕೋಲು) ಗೋಡೆ ಕಡೆ ಸಿಕ್ಕಿಸಿ ಬಟ್ಟೆ ಬಿಗಿಯಾಗುವ ತನಕ ಉದ್ದ ಮಾಡಿ. ಈ ಬಿಗಿಯೇ ಮುಖ್ಯ. ಸಡಿಲ ಇದ್ದರೆ ರಾತ್ರಿಯೆಲ್ಲ ಪಟಪಟ ಬಡಿಯುತ್ತದೆ, ಮಳೆ ಬಂದರೆ ನೀರು ನಿಲ್ಲುತ್ತದೆ.

ನೀರು ನಿಲ್ಲುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಸೆಂಟಿಮೀಟರ್ ನೀರು ನಿಂತರೆ 10 ಕೆಜಿ. ಆ ಭಾರಕ್ಕೆ ಬಟ್ಟೆ ಇನ್ನಷ್ಟು ಜೋತುಬೀಳುತ್ತದೆ, ಜೋತುಬಿದ್ದ ಕಡೆಗೆ ಇನ್ನಷ್ಟು ನೀರು ಓಡಿ ಬರುತ್ತದೆ. ನೋಡನೋಡುತ್ತಾ ಹೊಟ್ಟೆ ಇಳಿಬಿದ್ದು ತೋಳು ಬಾಗುತ್ತದೆ. ಅದಕ್ಕೇ ಒಂದು ಕಾಲನ್ನು ಇನ್ನೊಂದಕ್ಕಿಂತ ಒಂದು ಗೇಣು ತಗ್ಗಿಸಿ ಇಡಿ. ಸುಮ್ನೆ ಎರಡೂ ಸಮ ಇಟ್ಟು ಚಂದ ನೋಡಬೇಡಿ. ನೀರು ಆ ಮೂಲೆಯಿಂದ ಧಾರೆಯಾಗಿ ಇಳಿದು ಹೋಗಲಿ, ಆ ಮೂಲೆ ಬಾಗಿಲಿಗೆ ದೂರ ಇರಲಿ. ಅಗಲ ಜಾಸ್ತಿ ಇದ್ದರೆ ಮಧ್ಯಕ್ಕೆ ಇನ್ನೊಂದು ತೋಳು ಸಿಗುತ್ತದೆ, ಕೊಂಡುಬಿಡಿ. ತಗ್ಗಿಸುವಾಗ ಕ್ಯಾರವಾನ್ ಬಾಗಿಲು ತೆರೆದು ನೋಡಿ. ಬಾಗಿಲ ಮೇಲಂಚು ಬಟ್ಟೆಗೆ ಉಜ್ಜುತ್ತಿದ್ದರೆ ಅದೇ ಜಾಗದಲ್ಲಿ ಹರಿಯುತ್ತದೆ.

ಗಾಳಿಗೆ ನನ್ನ ನಿಯಮ ಒಂದೇ. ಯಾರೂ ಇಲ್ಲದಾಗ, ಎಲ್ಲರೂ ಮಲಗಿದಾಗ ಅವ್ನಿಂಗ್ ಹೊರಗಿರಬಾರದು. ಗಾಳಿಗೆ ಹಾರದಂತೆ ನೆಲಕ್ಕೆ ಬಿಗಿಯುವ ಸ್ಟಾರ್ಮ್ ಪಟ್ಟಿ ಕಟ್ಟಿದ್ದರೂ ಅಷ್ಟೇ. ಕಾಲಿಗೆ ಗೂಟ ಹೊಡೆದಿದ್ದರೂ ಅಷ್ಟೇ. ನಾರ್ತಂಬರ್ಲೆಂಡ್ ಕರಾವಳಿಯಲ್ಲಿ ಪಕ್ಕದವರದ್ದು ರಾತ್ರಿ ಎದ್ದು ತಿರುವಿ ಅವರದೇ ಛಾವಣಿ ಮೇಲೆ ಬಿದ್ದದ್ದನ್ನು ಕಣ್ಣಾರೆ ನೋಡಿದ್ದೇನೆ. ಒಂದು ತೋಳು ಕಿಟಕಿಯ ಅಕ್ರಿಲಿಕ್‌ಗೆ ಗೀರು ಎಳೆದುಕೊಂಡೇ ಹೋಗಿತ್ತು. ಸುತ್ತಿಡಲು ಹಿಡಿಯುವುದು ಕೆಲವೇ ನಿಮಿಷ. ಅಷ್ಟು ಮಾಡಿ ನೆಮ್ಮದಿಯಾಗಿ ಮಲಗಬಹುದು, ಅಲ್ವಾ?

ಕಾರ್ಡಿಫ್‌ನಿಂದ

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಎರಡು ಮಾತು ಸೇರಿಸುತ್ತೇನೆ.

ಒಂದು, ದಾರಿ. ಬ್ರಿಟನ್ ಗಾಡಿಗಳಲ್ಲಿ ಬಾಗಿಲು ಎಡಕ್ಕೆ, ಹಾಗಾಗಿ ಚೀಲವೂ ಎಡಕ್ಕೆ. ವೇಲ್ಸ್, ಕಾರ್ನ್‌ವಾಲ್‌ನ ಕಿರಿದಾದ ರಸ್ತೆಗಳಲ್ಲಿ ಬೇಲಿ ಇರುವುದೂ ನಿಮ್ಮ ಎಡಕ್ಕೇ. ಎದುರಿಂದ ಟ್ರ್ಯಾಕ್ಟರ್ ಬಂದಾಗ ಬೇಲಿಗೆ ಒತ್ತಿ ನಿಲ್ಲಿಸುತ್ತೇವೆ. ಮುಳ್ಳಿನ ಕೊಂಬೆ ಚೀಲಕ್ಕೇ ಕೆರೆಯುತ್ತದೆ. ಹೊರಡುವ ಮುನ್ನ ಜಿಪ್ ಕೊನೆಯವರೆಗೆ ಬಂದಿದೆಯಾ ಅಂತ ಕೈಯಿಂದ ಮುಟ್ಟಿ ನೋಡಿ. ಮೋಟಾರ್‌ವೇಯಲ್ಲಿ ಎಳೆದುಕೊಂಡು ಹೋಗುವ ಮಿತಿ ಗಂಟೆಗೆ 60 ಮೈಲಿ. ಆ ವೇಗದಲ್ಲಿ ಜಿಪ್ ಬಿಚ್ಚಿಕೊಂಡರೆ ದೊಡ್ಡ ಅಪಾಯ.

ಎರಡು, ಅಡುಗೆ. ನಮ್ಮ ಒಗ್ಗರಣೆ ಘಾಟು ಗಾಡಿಯೊಳಗೆ ಬೇಡ ಅಂತ ಎಲ್ಲರೂ ಒಲೆಯನ್ನು ಹೊರಗೆ ತರುತ್ತೇವೆ. ತನ್ನಿ, ಆದರೆ ಅವ್ನಿಂಗ್ ಕೆಳಗೆ ಬೇಡ. ಬಟ್ಟೆ ಪಿವಿಸಿ, ಮೇಲೆದ್ದ ಉರಿಗೆ ಕರಗುತ್ತದೆ. ಒಲೆ ಅಂಚಿನಿಂದ ಆಚೆ, ಗಾಳಿ ನಿಮ್ಮಿಂದ ಹೊರಗೆ ಬೀಸುವ ಕಡೆ ಇರಲಿ. ಇದ್ದಿಲ ಬಾರ್ಬೆಕ್ಯೂ ಆರಿದ ಮೇಲೂ ಅವ್ನಿಂಗ್ ಕೆಳಗೆ, ಗಾಡಿಯೊಳಗೆ ತರಲೇಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಅಪ್ಪ ಅಮ್ಮ ಜೊತೆಗಿದ್ದಾಗ ಚಳಿ ಅಂತ ಯಾರಾದರೂ ಒಳಗೆ ತಂದುಬಿಡುತ್ತಾರೆ, ಮೊದಲೇ ಹೇಳಿಡಿ.

ಬ್ರಿಸ್ಬೇನ್‌ನಿಂದ

ಆಸ್ಟ್ರೇಲಿಯಾದಲ್ಲಿ ರೋಲ್-ಔಟ್ ಇಲ್ಲದ ಕ್ಯಾರವಾನ್ ಸಿಗುವುದೇ ಕಷ್ಟ. ನಮ್ಮವು ಹೆಚ್ಚಾಗಿ ಸ್ಪ್ರಿಂಗ್ ಮಾದರಿ, ತೋಳುಗಳು ಗಾಡಿಯ ಮೈಗೇ ಬಿಗಿದಿರುತ್ತವೆ. ಕೊಳವೆಯೊಳಗಿನ ಸ್ಪ್ರಿಂಗ್‌ಗೆ ಬಲ ಜಾಸ್ತಿ. ಎಳೆಯುವ ಪಟ್ಟಿಯನ್ನು ಗಟ್ಟಿಯಾಗಿ ಹಿಡಿಯದೆ ಲಾಕ್ ಬಿಟ್ಟರೆ ಸರ್ರನೆ ಸುತ್ತಿಕೊಂಡು ಹೋಗುತ್ತದೆ, ಮಕ್ಕಳನ್ನು ದೂರ ನಿಲ್ಲಿಸಿ. ಬಟ್ಟೆಯ ಅಂಚನ್ನು ತೋಳಿಗೆ ಕಚ್ಚಿಸುವ ಆಂಟಿ-ಫ್ಲ್ಯಾಪ್ ಕ್ಲಾಂಪ್ ಸಿಗುತ್ತವೆ. ನಿಮ್ಮ ಮಾದರಿಗೆ ಹೊಂದುವುದು ಸಿಕ್ಕರೆ ತಗೊಳ್ಳಿ. ಬಡಿತ ತುಂಬಾ ಕಮ್ಮಿಯಾಗುತ್ತದೆ. ಸುತ್ತುವ ಮುನ್ನ ಎಲೆ, ಕಡ್ಡಿ ಗುಡಿಸಿ. ಒಳಗೆ ಸಿಕ್ಕಿದ ಒಂದು ಕಡ್ಡಿ ಸಾಕು ಬಟ್ಟೆ ತೂತಾಗಲು.

ರೆಡಿಂಗ್‌ನಿಂದ, ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಳಿಯ ನೇರ ಭಾಗ ಈಗಲೇ ಅಳೆದೆ, 2.8 ಮೀಟರ್ ಬಂತು. ಇನ್ನೊಂದು ಸಂದೇಹ. ಮಳೆಯಲ್ಲೇ ಹೊರಡಬೇಕಾದರೆ ಒದ್ದೆ ಬಟ್ಟೆ ಸುತ್ತಬಹುದಾ? ಜಲ್ಲಿ ಹಾಕಿದ ಪಿಚ್‌ನಲ್ಲಿ (ಸೈಟ್‌ನಲ್ಲಿ ಗಾಡಿ ನಿಲ್ಲಿಸುವ ಜಾಗ) ಗೂಟ ಇಳಿಯುತ್ತಾ?

ಯಾರ್ಕ್‌ಶೈರ್‌ನಿಂದ

ಹಾಗಾದರೆ 2.55 ಮೀಟರ್‌ನದು ನೋಡಿ. ಅಪ್ಪ ಅಮ್ಮನಿಗೆ ಎರಡು ಕುರ್ಚಿ, ಒಂದು ಮೇಜು, ನಿಮಗೂ ಜಾಗ ಸಾಕು. ಒಮ್ಮೆ ಹಳಿಗೆ ಕೂರಿಸಿದ ಮೇಲೆ ಈ ಅಳತೆಯದನ್ನು ಒಬ್ಬರೇ ಬಿಡಿಸಿ ಸುತ್ತಬಹುದು.

ಒದ್ದೆ ಸುತ್ತಬಹುದು, ಬೇರೆ ದಾರಿ ಇಲ್ಲದಾಗ. ಆದರೆ ಮನೆಗೆ ಬಂದ ಮೇಲೆ ಒಂದೆರಡು ದಿನದೊಳಗೆ ಬಿಡಿಸಿ ಒಣಗಿಸಲೇಬೇಕು. ಇಲ್ಲದಿದ್ದರೆ ಹೊಲಿಗೆ ಗುಂಟ ಕಪ್ಪು ಬೂಷ್ಟು ಹತ್ತುತ್ತದೆ, ಹತ್ತಿದ ಮೇಲೆ ಕಲೆ ಪೂರ್ತಿ ಹೋಗುವುದು ಕಷ್ಟ. ತೊಳೆಯಲು ಉಗುರುಬೆಚ್ಚಗಿನ ನೀರು, ಸ್ವಲ್ಪ ಸೌಮ್ಯ ಸೋಪು, ಮೆತ್ತನೆ ಬ್ರಷ್ ಸಾಕು. ಬ್ಲೀಚ್ ಹಾಕಬೇಡಿ. ಗಾಡಿಯನ್ನು ಸ್ಟೋರೇಜ್‌ನಲ್ಲಿ ಬಿಡುವವರಾದರೆ ಅಲ್ಲಿ ಬಿಡಿಸಲು ಜಾಗ ಸಿಗುತ್ತದಾ ಅಂತ ಮೊದಲೇ ಕೇಳಿಕೊಳ್ಳಿ.

ಜಲ್ಲಿ ಪಿಚ್‌ಗೆ ಮಾಮೂಲಿ ತಂತಿ ಗೂಟ ಸಾಲದು, ಬಾಗಿಹೋಗುತ್ತದೆ. ಡ್ರಿಲ್‌ನಿಂದ ತಿರುಗಿಸಿ ಇಳಿಸುವ ಸ್ಕ್ರೂ ಗೂಟ ತಗೊಳ್ಳಿ. ತೆಗೆಯುವಾಗಲೂ ಡ್ರಿಲ್ ಹಿಂದಕ್ಕೆ ತಿರುಗಿಸಿದರೆ ಬಂದುಬಿಡುತ್ತವೆ. ಇನ್ನೊಂದು, ಬುಕ್ ಮಾಡುವಾಗ ಅವ್ನಿಂಗ್ ಇದೆ ಅಂತ ಸೈಟ್‌ನವರಿಗೆ ಹೇಳಿ. ಬೆಂಕಿಯ ಭಯಕ್ಕೆ ಗಾಡಿ ಗಾಡಿಗೆ 6 ಮೀಟರ್ ಅಂತರ, ಅವ್ನಿಂಗ್ ಬಿಡಿಸಿದ ಮೇಲೂ ನಡುವೆ 3 ಮೀಟರ್ ಖಾಲಿ ಇರಬೇಕು ಅಂತ ಕೇಳುತ್ತಾರೆ. ಬಿಡಿಸಿದರೆ ಎರಡು ಮೀಟರ್‌ಗಿಂತ ಜಾಸ್ತಿ ಹೊರಗೆ ಬರುತ್ತದೆ, ಅದಕ್ಕೆ ತಕ್ಕ ಪಿಚ್ ಕೇಳಿ. ಬಾಗಿಲು ಪೂರ್ವಕ್ಕೆ ಬರುವಂತೆ ನಿಲ್ಲಿಸಲು ಬಿಟ್ಟರೆ ಇನ್ನೂ ಒಳ್ಳೆಯದು. ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬರುವುದರಿಂದ ಗಾಡಿಯೇ ಅಡ್ಡ ನಿಲ್ಲುತ್ತದೆ. ಮಧ್ಯಾಹ್ನದ ಮೇಲೆ ನೆರಳೂ ಅದೇ ಕಡೆ ಬೀಳುತ್ತದೆ.