ಅಪ್‌ಡೇಟ್: ಹಗುರ ತೋಟಾ ಹಾಕಿದೆ, ಭುಜದ ನೋವು ಹೋಯಿತು

ಟೆಕ್ಸಸ್‌ನಲ್ಲಿ ಟ್ರ್ಯಾಪ್ ಶೂಟಿಂಗ್ (ಗಾಳಿಗೆ ಹಾರಿಸಿದ ಮಣ್ಣಿನ ತಟ್ಟೆಗೆ ಹೊಡೆಯುವ ಆಟ) ಕಲಿಯುತ್ತಿದ್ದೇನೆ, 12 ಗೇಜ್ (ನಳಿಗೆಯ ಅಗಲದ ಅಳತೆ) ಕೋವಿ, 50 ತೋಟಾ ಹೊಡೆಯುವಷ್ಟರಲ್ಲಿ ಭುಜ ನೀಲಿಗಟ್ಟುತ್ತದೆ ಅಂತ ಹೋದ ವಾರ ಕೇಳಿದ್ದೆ ಅಲ್ವಾ? ಈಗ ಸರಿಹೋಗಿದೆ.

ಕೆಲಸ ಮಾಡಿದ್ದು "24 ಗ್ರಾಂ ತೋಟಾ ಹಾಕಿ ನೋಡಿ" ಎಂಬ ಸಲಹೆ. ಹೇಳಿದವರಿಗೆ ಮನಸಾರೆ ಥ್ಯಾಂಕ್ಸ್. 24 ಗ್ರಾಂ ಅಂದರೆ ತೋಟಾದೊಳಗಿನ ಛರ್ರೆಯ (ಸಣ್ಣ ಗುಂಡುಗಳ) ತೂಕ. ನಾನು ಹೊಡೆಯುತ್ತಿದ್ದದ್ದು 32 ಗ್ರಾಂ ಛರ್ರೆಯದ್ದು. ವೇಗ ಎರಡಕ್ಕೂ ಒಂದೇ, ಸೆಕೆಂಡಿಗೆ 1200 ಅಡಿ. ಲೆಕ್ಕ ಹಾಕಿ ನೋಡಿದೆ: ಕೋವಿ ಭುಜಕ್ಕೆ ಕೊಡುವ ಒದೆತದ ಶಕ್ತಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ. ಶನಿವಾರ 100 ಹೊಡೆದೆ, ನೋವೇ ಇಲ್ಲ. ಮಣ್ಣಿನ ತಟ್ಟೆಗಳು ಮೊದಲಿನಂತೆಯೇ ಪುಡಿಯಾಗುತ್ತಿವೆ. ಒಲಿಂಪಿಕ್ಸ್‌ನಲ್ಲೂ 24 ಗ್ರಾಂ ತೋಟಾವೇ ಅಂತ ತಿಳಿದಾಗ ಇದ್ದ ಅನುಮಾನವೂ ಹೋಯಿತು.

ಇನ್ನೂ ಸಣ್ಣ ನಳಿಗೆಯ 20 ಗೇಜ್‌ಗೆ ಬದಲಾಯಿಸುವ ಸಲಹೆ ನನಗೆ ಆಗಲಿಲ್ಲ. ಗೆಳೆಯರ ಕೋವಿ ತೆಗೆದುಕೊಂಡು ನೋಡಿದೆ. ತೋಟಾ ಚಿಕ್ಕದು ನಿಜ, ಆದರೆ ಕೋವಿಯೂ ಹಗುರ. ಹಗುರ ಕೋವಿ ಜಾಸ್ತಿ ಒದೆಯುತ್ತದೆ. ರಬ್ಬರ್ ಪ್ಯಾಡ್ ಸ್ವಲ್ಪ ನೆರವಾಯಿತು, ಅಷ್ಟೇ.

ಗೊತ್ತಿರಲೇಬೇಕಾದ ಎರಡು ವಿಷಯ. ಡಬ್ಬಿಯ ಮೇಲೆ "ಲೋ ರಿಕಾಯಿಲ್" (ಕಡಿಮೆ ಒದೆತ) ಅಂತ ಇದ್ದರೆ ಸಾಲದು. ಅದೇ ಹೆಸರಲ್ಲಿ ದಪ್ಪ ಗುಂಡಿನ ಬಕ್‌ಶಾಟ್ ಕೂಡ ಬರುತ್ತದೆ. ಅದನ್ನು ಟ್ರ್ಯಾಪ್ ಮೈದಾನಕ್ಕೆ ತರಲೇಬೇಡಿ. ಛರ್ರೆಯ ತೂಕ, ವೇಗ, ಗಾತ್ರದ ನಂಬರ್ ಈ ಮೂರನ್ನೂ ಓದಿ. ನಂಬರ್ 7½ ಅಥವಾ 8 ಇರಲಿ. ಇನ್ನೊಂದು, ತೀರಾ ನಿಧಾನದ, ಸೆಕೆಂಡಿಗೆ 980 ಅಡಿಯ ತೋಟಾ ನನ್ನ ಸೆಮಿ ಆಟೋಮ್ಯಾಟಿಕ್ (ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ) ಕೋವಿಯಲ್ಲಿ ಪದೇ ಪದೇ ಸಿಕ್ಕಿಹಾಕಿಕೊಂಡಿತು. ಎರಡು ನಳಿಗೆಯ ಕೋವಿಗೆ ಆ ತೊಂದರೆ ಇಲ್ಲ.