ಅಪ್‌ಡೇಟ್: ಪ್ರಾಕ್ಸಿಮಿಟಿ ಸೆನ್ಸರ್‌ಗೆ ಕೊನೆಗೂ ಕೈ ಕಾಣಿಸುತ್ತಿದೆ

ಹತ್ತಿರ ಬಂದ ವಸ್ತುವನ್ನು ಗುರುತಿಸುವ ಸೆನ್ಸರ್ ಮಾಡಲು ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಕೆಂಪು ಎಲ್‌ಇಡಿ, ಕೈಗೆ ಬಡಿದು ಮರಳುವ ಬೆಳಕನ್ನು ಅಳೆಯುವ ಕಪ್ಪು ಫೋಟೊಡಯೋಡ್ ಜೋಡಿಸಿದ್ದೇನೆ, ಮುಂದೆ ಕೈ ಇಟ್ಟರೂ ರೀಡಿಂಗ್ ಬದಲಾಗುತ್ತಿಲ್ಲ ಎಂದು ಕೇಳಿದ್ದೆನಲ್ಲ, ಈಗ ಸರಿಹೋಗಿದೆ.

ಕೆಲಸ ಮಾಡಿದ್ದು "ಎಲ್‌ಇಡಿ, ಫೋಟೊಡಯೋಡ್ ಎರಡರ ತರಂಗಾಂತರ ಒಂದಕ್ಕೊಂದು ಹೊಂದಬೇಕು" ಎಂಬ ಸಲಹೆ. ಆ ಕಪ್ಪು ಕವಚ ಸುಮ್ನೆ ಬಣ್ಣವಲ್ಲ, ಕಣ್ಣಿಗೆ ಕಾಣುವ ಬೆಳಕನ್ನು ತಡೆಯುವ ಫಿಲ್ಟರ್. ಸುಮಾರು 630 ನ್ಯಾನೊಮೀಟರ್‌ನ ಕೆಂಪು ಬೆಳಕು ಒಳಗೆ ಹೋಗುವುದೇ ಕಷ್ಟ. ಇಲ್ಲಿ ಪುಣೆಯ ಬುಧವಾರ ಪೇಠೆಯಲ್ಲಿ 940 ನ್ಯಾನೊಮೀಟರ್‌ನ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಎಲ್‌ಇಡಿ ಸಿಕ್ಕಿತು. ಹಾಕಿದ ಕೂಡಲೇ ರೀಡಿಂಗ್ ಏರಿತು. ಎಲ್‌ಇಡಿ ಉರಿಯುತ್ತಿದೆಯೇ ಎಂದು ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿಕೊಂಡೆ. ಹಿಂದಿನ ಕ್ಯಾಮೆರಾದಲ್ಲಿ ಏನೂ ಕಾಣಲಿಲ್ಲ.

ಎಲ್‌ಇಡಿಗೆ ಕರೆಂಟ್ ಜಾಸ್ತಿ ಕೊಡುವ ಸಲಹೆ ಕೆಂಪು ಬೆಳಕಿನ ಜೊತೆ ಪ್ರಯೋಜನಕ್ಕೆ ಬರಲಿಲ್ಲ. ಇನ್ನೊಂದು ಸಲಹೆಯಾದ, ಟಿವಿ ರಿಮೋಟಿನ ಸಿಗ್ನಲ್ ಹಿಡಿಯುವ 38 ಕಿಲೋಹರ್ಟ್ಸ್ ರಿಸೀವರ್ ಒಳ್ಳೆಯದೇ, ಆದರೆ ಅದು ಹೌದು-ಇಲ್ಲ ಅಷ್ಟೇ ಹೇಳುತ್ತದೆ. ನನಗೆ ದೂರದ ಅಂದಾಜು ಬೇಕಿತ್ತು.

ಕಿಟಕಿಯ ಬಿಸಿಲು ರೀಡಿಂಗ್ ಕೆಡಿಸದಂತೆ ಇನ್ನೊಬ್ಬರು ಹೇಳಿದ ಉಪಾಯ ಸೊಗಸಾಗಿದೆ: ಎಲ್‌ಇಡಿ ಆರಿಸಿ ಒಮ್ಮೆ ಓದಿ, ಹಚ್ಚಿ ಒಮ್ಮೆ ಓದಿ, ಕಳೆಯಿರಿ. ನೇರ ಬಿಸಿಲಿನಲ್ಲಿ ಮಾತ್ರ ರೀಡಿಂಗ್ ಗರಿಷ್ಠ ಅಂಕಿಯಾದ 1023ಕ್ಕೆ ಹೋಗಿ ಕೂರುತ್ತದೆ, ಆಗ ಕಳೆಯಲು ಏನೂ ಉಳಿಯುವುದಿಲ್ಲ. ಫೋಟೊಡಯೋಡ್‌ನ ಲೋಡ್ ರೆಸಿಸ್ಟರ್ (ಅದರ ಕರೆಂಟನ್ನು ವೋಲ್ಟೇಜ್ ಆಗಿಸುವ ರೋಧಕ) ಕಡಿಮೆ ಓಮ್‌ನದು ಹಾಕಿದರೆ ಈ ತೊಂದರೆ ತಗ್ಗುತ್ತದೆ.

ಆಶ್ಚರ್ಯದ ವಿಷಯ: ನನ್ನ ಕಪ್ಪು ಟೀಶರ್ಟ್ ಇನ್‌ಫ್ರಾರೆಡ್‌ಗೆ ಬಿಳಿ ಕಾಗದದಷ್ಟೇ ಚೆನ್ನಾಗಿ ಹೊಳೆಯುತ್ತದೆ! ಕಣ್ಣಿಗೆ ಕಪ್ಪಾದದ್ದು ಸೆನ್ಸರ್‌ಗೂ ಕಪ್ಪೇ ಆಗಬೇಕೆಂದಿಲ್ಲ, ಪರೀಕ್ಷೆ ಮಾಡುವಾಗ ನೋಡಿಕೊಳ್ಳಿ.